ಕಾಲ್ಪನಿಕ ಲೋಕದ ನಕ್ಷೆ ಬಿಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಹೊಸಪುಟ:

ಎಲ್ಲರಿಗೂ ನಮಸ್ಕಾರ. ಒಂದು ಫ್ಯಾಂಟಸಿ ಕಥೆ ಬರೆಯುತ್ತಿದ್ದೇನೆ. ಮೂರು ರಾಜ್ಯ, ಒಂದು ದಟ್ಟ ಕಾಡು, ನಡುವೆ ಒಂದು ಬೆಟ್ಟಸಾಲು. ಪಾತ್ರಗಳು ಊರಿಂದ ಊರಿಗೆ ಓಡಾಡುತ್ತಲೇ ಇರುತ್ತವೆ, ಯಾರು ಎಲ್ಲಿದ್ದಾರೆ ಅಂತ ನನಗೇ ಗೊಂದಲ. ಅದಕ್ಕೆ ನಕ್ಷೆ ಬೇಕು. ನಾನು ಚಿತ್ರಕಲೆ ಕಲಿತವಳಲ್ಲ. ಕರಾವಳಿ ಎಳೆದರೆ ಆಲೂಗಡ್ಡೆ ಥರ ಕಾಣುತ್ತದೆ, ಬೆಟ್ಟ ಅಂದರೆ ಒಂದೇ ಅಳತೆಯ ತ್ರಿಕೋನಗಳ ಸಾಲು. ನದಿಯನ್ನು ಪೂರ್ವದ ಸಮುದ್ರದಿಂದ ಪಶ್ಚಿಮದ ಸಮುದ್ರಕ್ಕೆ ಎಳೆದಿದ್ದೇನೆ, ಹಾಗೆ ಇರಬಹುದಾ? ಪೇಪರ್ ಮೇಲೆ ಬಿಡಿಸಲಾ, ಇಲ್ಲ ಸಾಫ್ಟ್‌ವೇರ್ ಕಲಿಯಲಾ? ಹೆಸರುಗಳನ್ನು ಕನ್ನಡದಲ್ಲೇ ಬರೆಯುವ ಆಸೆ. ಮಾಡಿ ನೋಡಿದವರು ಹೇಳಿ.

ಮಸಿಬೆರಳು:

ಮೊದಲು ಪೇಪರ್. ಸಾಫ್ಟ್‌ವೇರ್ ಎಲ್ಲೂ ಓಡಿಹೋಗಲ್ಲ. ಮತ್ತೆ ಇಡೀ ಜಗತ್ತು ಬಿಡಿಸಲು ಹೋಗಬೇಡಿ. ಹೊಸಬರು ಮೂರು ಖಂಡ, ಹತ್ತು ದ್ವೀಪ ಅಂತ ಹೊರಡುತ್ತಾರೆ, ಅರ್ಧದಲ್ಲಿ ಕೈಬಿಡುತ್ತಾರೆ. ನಿಮ್ಮ ಕಥೆಯ ಮೊದಲ ನಾಲ್ಕೈದು ಅಧ್ಯಾಯ ನಡೆಯುವ ಜಾಗ ಅಷ್ಟನ್ನೇ ಬಿಡಿಸಿ.

ಕರಾವಳಿಗೆ ಒಂದು ಹಳೆಯ ಉಪಾಯ ಇದೆ. ಹಾಳೆ ಮೇಲೆ ಒಂದು ಹಿಡಿ ಅಕ್ಕಿ ಸುರಿದು, ಬೆರಳಲ್ಲಿ ಸ್ವಲ್ಪ ಹರಡಿ, ರಾಶಿಯ ಅಂಚಿನ ಸುತ್ತ ಪೆನ್ಸಿಲ್ ಓಡಿಸಿ. ನಾವೇ ಯೋಚಿಸಿ ಎಳೆದರೆ ಬಾರದ ಕೊಲ್ಲಿ, ಮೂಲೆಗಳು ತಾನಾಗಿ ಬರುತ್ತವೆ. ಅಕ್ಕಿ ಬೇಡ ಅಂದರೆ ಮೊದಲು ದೊಡ್ಡ ತಿರುವುಗಳನ್ನು ಎಳೆದುಕೊಂಡು, ಅದರ ಮೇಲೆ ಸಣ್ಣ ಅಂಕುಡೊಂಕು ಸೇರಿಸಿ. ಆದರೆ ಎಲ್ಲಾ ಕಡೆ ಒಂದೇ ಥರ ನಡುಗಿಸಬೇಡಿ, ಅಲ್ಲೇ ಗೆರೆ ಸುಳ್ಳು ಅನಿಸುವುದು. ನಿಜವಾದ ಕರಾವಳಿ ನೋಡಿ. ನಾರ್ವೆಯಲ್ಲಿ ಹಿಮನದಿಗಳು ಕೊರೆದು ಕೊರೆದು ಅಂಚು ಚಿಂದಿಯಾಗಿದೆ. ಆಫ್ರಿಕಾದ ಅಂಚು ಬಹುಪಾಲು ನುಣ್ಣಗಿದೆ. ನಿಮ್ಮ ನಕ್ಷೆಯಲ್ಲೂ ಒಂದು ಕಡೆ ಒರಟು, ಒಂದು ಕಡೆ ನುಣುಪು ಇರಲಿ.

ಬೆಟ್ಟಕ್ಕೆ ಬರೋಣ, ನನಗೆ ಇಷ್ಟವಾದ ಭಾಗ ಇದೇ. ತ್ರಿಕೋನ ಬಿಡಿ. ಸಾಲು ಎಲ್ಲಿ ಹಾದುಹೋಗುತ್ತದೆ ಅಂತ ಮೊದಲು ಪೆನ್ಸಿಲ್‌ನಲ್ಲಿ ಒಂದು ಬಳುಕು ಗೆರೆ ಎಳೆಯಿರಿ. ಆ ಗೆರೆ ಮೇಲೆ ಶಿಖರಗಳನ್ನು ಇಡಿ, ಒಂದು ಎತ್ತರ, ಒಂದು ಗಿಡ್ಡ, ಒಂದು ಸೊಟ್ಟ. ಇಂಕ್ ಹಾಕುವಾಗ ಹಾಳೆಯ ಕೆಳಗಡೆ ಇರುವ ಬೆಟ್ಟವನ್ನು ಮೊದಲು ಮುಗಿಸಿ. ಅದು ಕಣ್ಣಿಗೆ ಹತ್ತಿರದ್ದು. ಹಿಂದಿನ ಬೆಟ್ಟದ ಗೆರೆ ಮುಂದಿನದಕ್ಕೆ ತಾಗುವಲ್ಲಿ ನಿಲ್ಲಿಸಿಬಿಡಿ. ಉಲ್ಟಾ ಮಾಡಿದರೆ ಗೆರೆ ಮೇಲೆ ಗೆರೆ ಬೀಳುತ್ತದೆ, ಇಂಕ್ ಅಳಿಸಲು ಆಗಲ್ಲ ಅಲ್ವಾ. ಬೆಳಕು ಎಡಗಡೆ ಮೇಲಿಂದ ಬರುತ್ತಿದೆ ಅಂದುಕೊಂಡು ಪ್ರತಿ ಬೆಟ್ಟದ ಬಲ ಮಗ್ಗುಲಿಗೆ ಮಾತ್ರ ತೆಳು ಗೆರೆಗಳಲ್ಲಿ ನೆರಳು ಕೊಡಿ. ಇಷ್ಟು ಮಾಡಿದರೆ ಬೆಟ್ಟ ಹಾಳೆಯಿಂದ ಎದ್ದು ನಿಲ್ಲುತ್ತದೆ.

ಪೆನ್ನು ಅಂದರೆ 0.1, 0.3, 0.5 ಫೈನ್‌ಲೈನರ್ ಸಾಕು. ದಪ್ಪದ್ದು ಕರಾವಳಿಗೆ, ತೆಳ್ಳಗಿನದು ನೆರಳಿಗೆ. ಮೇಲೆ ವಾಟರ್‌ಕಲರ್ ಹಚ್ಚುವ ಯೋಚನೆ ಇದ್ದರೆ ನೀರಿಗೆ ಕರಗದ ಇಂಕ್ ಇರುವುದನ್ನೇ ತಗೊಳ್ಳಿ.

ಹಳೆಯ ನಕ್ಷೆಗಳನ್ನು ನೋಡಿ ನಕಲು ಮಾಡಿ. ಹಳೆಯ ನಕ್ಷೆಗಾರ ಆರ್ಟೀಲಿಯಸ್ 1570ರಲ್ಲಿ ತಂದ ಅಟ್ಲಾಸ್‌ನಲ್ಲಿ ಬೆಟ್ಟಗಳು ಸಣ್ಣ ಸಣ್ಣ ಗುಡ್ಡೆಗಳಾಗಿ ಪಕ್ಕದಿಂದ ಕಂಡಂತೆ ಇವೆ, ಕಲಿಯಲು ಅದಕ್ಕಿಂತ ಸುಲಭದ ಮಾದರಿ ಇಲ್ಲ. ಸಮುದ್ರದಲ್ಲಿ ರಾಕ್ಷಸ ಮೀನು ಬೇಕು ಅಂದರೆ ಓಲಾಸ್ ಮ್ಯಾಗ್ನಸ್‌ನ 1539ರ ನಕ್ಷೆ ಕಾರ್ಟಾ ಮರೀನಾ ನೋಡಿ, ಎಂಥೆಂಥಾ ಪ್ರಾಣಿಗಳಿವೆ! ಡೇವಿಡ್ ರಮ್ಸಿ ಸಂಗ್ರಹದಲ್ಲಿ ಸಾವಿರಾರು ಹಳೆಯ ನಕ್ಷೆಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಝೂಮ್ ಮಾಡಿ ಒಂದೊಂದೇ ಗೆರೆ ನೋಡಬಹುದು.

ಇಳಿಜಾರು:

ನದಿ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಕೊಡುತ್ತೇನೆ. ಸಮುದ್ರದಿಂದ ಸಮುದ್ರಕ್ಕೆ ಹೋದರೆ ಅದು ನದಿಯಲ್ಲ, ಜಲಸಂಧಿ. ನಿಮ್ಮ ನೆಲ ಎರಡು ತುಂಡಾಯಿತು ಅಂತ ಅರ್ಥ. ನದಿ ಎತ್ತರದಲ್ಲಿ ಹುಟ್ಟಿ ತಗ್ಗಿಗೆ ಇಳಿಯುತ್ತದೆ, ದಾರಿಯಲ್ಲಿ ಬೇರೆ ನದಿಗಳನ್ನು ಸೇರಿಸಿಕೊಳ್ಳುತ್ತದೆ. ಸೇರುತ್ತದೆಯೇ ಹೊರತು ಕವಲೊಡೆಯುವುದು ಅಪರೂಪ, ಒಡೆದರೆ ಸಾಮಾನ್ಯವಾಗಿ ಸಮುದ್ರ ಸೇರುವ ಕಡೆ, ಡೆಲ್ಟಾದಲ್ಲಿ. ಇದಕ್ಕೆ ಅಪವಾದ ಇದೆ. ವೆನೆಜುವೆಲಾದ ಕಾಸಿಕಿಯಾರೆ ಒರಿನೋಕೋ ನದಿಯಿಂದ ಒಡೆದು ರಿಯೋ ನೀಗ್ರೋ ಸೇರುತ್ತದೆ, ಅಲ್ಲಿಂದ ಆ ನೀರು ಅಮೆಜಾನ್‌ಗೆ ಹೋಗುತ್ತದೆ. ಅಂಥದ್ದು ನಿಮ್ಮ ಲೋಕದಲ್ಲೂ ಒಂದು ಇರಲಿ, ಹತ್ತು ಬೇಡ. ಕೆರೆ, ಸರೋವರಗಳಿಗೂ ಅಷ್ಟೇ, ಒಳಗೆ ಬರುವ ನದಿ ಎಷ್ಟಾದರೂ ಇರಲಿ, ಹೊರಗೆ ಹೋಗುವುದು ಬಹುಪಾಲು ಒಂದೇ. ಕ್ಯಾಸ್ಪಿಯನ್ ಥರ ಹೊರಗೆ ಹೋಗುವ ದಾರಿಯೇ ಇಲ್ಲದ್ದೂ ಉಂಟು, ಅಂಥ ಕಡೆ ನೀರು ಉಪ್ಪಾಗುತ್ತದೆ.

ಆಮೇಲೆ ಗಾಳಿ. ಹಾಳೆಯ ಮೂಲೆಯಲ್ಲಿ ಪೆನ್ಸಿಲ್‌ನಿಂದ ಒಂದು ಬಾಣ ಹಾಕಿ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಅಂತ. ಸಮುದ್ರದ ಮೇಲಿಂದ ಬಂದ ಗಾಳಿ ಬೆಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ ಗಾಳಿ ಬಂದ ಮಗ್ಗುಲಲ್ಲೇ ಮಳೆ ಸುರಿಸುತ್ತದೆ, ಬೆಟ್ಟದ ಇನ್ನೊಂದು ಮಗ್ಗುಲು ಒಣಗುತ್ತದೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ದಕ್ಷಿಣ ತುದಿಯಲ್ಲಿ ಪಶ್ಚಿಮದ ಚಿಲಿಯ ಕಡೆ ಮಳೆಕಾಡು, ಬೆಟ್ಟ ದಾಟಿದರೆ ಪ್ಯಾಟಗೋನಿಯಾದ ಒಣಭೂಮಿ. ಅಂದರೆ ನಿಮ್ಮ ದಟ್ಟ ಕಾಡು ಬೆಟ್ಟಸಾಲಿನ ಯಾವ ಮಗ್ಗುಲಲ್ಲಿ ಇರಬೇಕು ಅನ್ನುವುದನ್ನು ಆ ಬಾಣವೇ ಹೇಳುತ್ತದೆ.

ಎಲ್ಲಕ್ಕಿಂತ ಮುಖ್ಯ ಸ್ಕೇಲ್, ಅಂದರೆ ಹಾಳೆ ಮೇಲಿನ ಒಂದು ಸೆಂಟಿಮೀಟರ್ ನಿಜದಲ್ಲಿ ಎಷ್ಟು ದೂರ ಅನ್ನುವ ಲೆಕ್ಕ. ಹೊಸಬರ ನಕ್ಷೆಯಲ್ಲಿ ಇದೇ ಇರಲ್ಲ. ನೀವು ಹೇಗೂ ಕಥೆ ಬರೆಯುತ್ತಿದ್ದೀರಿ, ಪಾತ್ರ ಕೋಟೆಯಿಂದ ಬಂದರಿಗೆ ನಾಲ್ಕು ದಿನ ನಡೆದ ಅಂತ ಎಲ್ಲೋ ಬರೆದಿರುತ್ತೀರಿ. ಒಳ್ಳೆಯ ದಾರಿಯಲ್ಲಿ ಮನುಷ್ಯ ದಿನಕ್ಕೆ 25–30 ಕಿಲೋಮೀಟರ್ ನಡೆಯಬಹುದು, ಬೆಟ್ಟ, ಕಾಡಲ್ಲಿ ಅದರ ಅರ್ಧ. ಹಾಗಾದರೆ ಆ ಎರಡು ಊರಿನ ನಡುವೆ 100–120 ಕಿಲೋಮೀಟರ್. ಅದನ್ನು ಹಾಳೆ ಮೇಲೆ ನಾಲ್ಕು ಸೆಂಟಿಮೀಟರ್ ಅಂದುಕೊಂಡರೆ ಉಳಿದ ಊರೆಲ್ಲ ಎಲ್ಲೆಲ್ಲಿ ಬೀಳಬೇಕು ಅನ್ನುವುದು ಲೆಕ್ಕದಲ್ಲೇ ಸಿಗುತ್ತದೆ.

ಸುಮ್ನೆಓದುಗ:

ಅಯ್ಯೋ, ಇಷ್ಟೆಲ್ಲ ನಿಯಮ ಕೇಳಿದರೆ ಅವರು ಪೆನ್ಸಿಲ್ ಕೆಳಗಿಡುತ್ತಾರೆ. ಫ್ಯಾಂಟಸಿ ಅಲ್ವಾ, ನದಿ ಬೆಟ್ಟ ಹತ್ತಲಿ ಬಿಡಿ. ಮೊದಲು ನಾಲ್ಕು ಹಾಳೆ ಹಾಳು ಮಾಡಲಿ, ಗಾಳಿ ಬಾಣ ಎಲ್ಲ ಆಮೇಲೆ.

ಇಳಿಜಾರು:

@ಸುಮ್ನೆಓದುಗ, ಹತ್ತಲಿ, ನನ್ನದೇನೂ ತಕರಾರಿಲ್ಲ. ಆದರೆ ಹತ್ತುವುದಕ್ಕೆ ಕಾರಣ ಕಥೆಯಲ್ಲಿ ಇರಬೇಕು. ಉಳಿದ ನದಿಗಳೆಲ್ಲ ಸರಿಯಾಗಿ ಇಳಿಯುತ್ತಿದ್ದರೆ ತಾನೇ, ಹತ್ತುವ ಒಂದು ನದಿ ನೋಡಿ ಓದುಗರು ಬೆರಗಾಗುವುದು?

ಪಿಕ್ಸೆಲ್‌ಪುಟ್ಟ:

ಸಾಫ್ಟ್‌ವೇರ್ ಕಡೆಯಿಂದ ಎರಡು ಮಾತು. ಅಜ್ಗಾರ್ ಅಂತ ಒಂದು ನಕ್ಷೆ ಜನರೇಟರ್ ಇದೆ, ಬ್ರೌಸರ್‌ನಲ್ಲೇ ಓಡುತ್ತದೆ, ಪುಕ್ಕಟೆ. ಒಂದು ಕ್ಲಿಕ್‌ಗೆ ಕರಾವಳಿ, ನದಿ, ರಾಜ್ಯ, ಗಡಿ ಎಲ್ಲ ಕೊಡುತ್ತದೆ. ಐಡಿಯಾ ಹುಡುಕಲು ಚೆನ್ನಾಗಿದೆ, ಆದರೆ ನಿಮ್ಮ ಹತ್ತಿರ ಕಥೆ ಈಗಾಗಲೇ ಇದೆ, ಅದು ಕೊಟ್ಟ ಲೋಕಕ್ಕೆ ನಿಮ್ಮ ಕಥೆ ಹೊಂದಿಸುವುದು ತಲೆನೋವು. ಇಂಕಾರ್ನೇಟ್‌ನಲ್ಲಿ ರೆಡಿ ಬೆಟ್ಟ, ಮರಗಳನ್ನು ಎಳೆದು ಇಡಬಹುದು, ಪುಕ್ಕಟೆ ಆವೃತ್ತಿಯಲ್ಲಿ ಆಯ್ಕೆ ಕಡಿಮೆ. ವಂಡರ್‌ಡ್ರಾಫ್ಟ್ ಕೂಡ ನಕ್ಷೆ ಬಿಡಿಸುವ ಸಾಫ್ಟ್‌ವೇರ್, ಆದರೆ ದುಡ್ಡು ಕೊಟ್ಟು ಕೊಳ್ಳಬೇಕು. ಇವುಗಳಲ್ಲಿ ಮಾಡಿದ್ದು ಬೇಗ ಚೆಂದ ಕಾಣುತ್ತದೆ, ಆದರೆ ಎಲ್ಲರ ನಕ್ಷೆಯೂ ಒಂದೇ ಥರ ಕಾಣುತ್ತದೆ.

ನಾನು ಮಾಡುವುದು ಹೀಗೆ. ಪೇಪರ್ ಮೇಲೆ ಬಿಡಿಸಿ, ನೆರಳು ಬೀಳದ ಹಾಗೆ ಫೋಟೋ ತೆಗೆದು, ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತೇನೆ. ಅದೂ ಪುಕ್ಕಟೆ. ಬಣ್ಣಕ್ಕೆ ಒಂದು ಲೇಯರ್ (ಒಂದರ ಮೇಲೊಂದು ಇಡುವ ಪಾರದರ್ಶಕ ಹಾಳೆ ಇದ್ದ ಹಾಗೆ), ಗಡಿಗೆ ಒಂದು, ಹೆಸರಿಗೆ ಒಂದು. ಕಥೆಯಲ್ಲಿ ಊರಿನ ಹೆಸರು ಬದಲಾದರೆ ಆ ಲೇಯರ್ ಮಾತ್ರ ತಿದ್ದಿದರೆ ಸಾಕು. ಕನ್ನಡ ಟೈಪ್ ಮಾಡುವುದಾದರೆ ಮೊದಲು ಒತ್ತಕ್ಷರ ಇರುವ ಒಂದು ಹೆಸರು ಹಾಕಿ ನೋಡಿ. ಕೆಲವು ಆಪ್‌ಗಳಲ್ಲಿ ಒತ್ತು ಕಳಚಿ ಪಕ್ಕಕ್ಕೆ ಬಂದು ಕೂರುತ್ತದೆ, ಬಾಗಿದ ಗೆರೆ ಮೇಲೆ ಅಕ್ಷರ ಕೂರಿಸಿದರಂತೂ ಇನ್ನೂ ಜಾಸ್ತಿ.

ಮಸಿಬೆರಳು:

ಅದಕ್ಕೇ ಹೆಸರನ್ನು ಕೈಯಲ್ಲೇ ಬರೆಯಿರಿ ಅನ್ನುತ್ತೇನೆ. ಬೆಟ್ಟ, ಕಾಡಿಗೆ ಇಂಕ್ ಹಾಕುವ ಮೊದಲೇ ಹೆಸರಿನ ಜಾಗ ಪೆನ್ಸಿಲ್‌ನಲ್ಲಿ ಗುರುತು ಮಾಡಿಕೊಳ್ಳಿ. ಕನ್ನಡಕ್ಕೆ ಜಾಗ ಜಾಸ್ತಿ ಬೇಕು, ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಹೋಗುತ್ತದೆ. ಊರಿನ ಚುಕ್ಕಿಯ ಬಲಕ್ಕೆ, ಸ್ವಲ್ಪ ಮೇಲಕ್ಕೆ ಹೆಸರು ಬರೆದರೆ ಕಣ್ಣಿಗೆ ಹಿತ. ಸ್ವಿಟ್ಜರ್‌ಲೆಂಡ್‌ನ ನಕ್ಷೆಗಾರ ಎಡ್ವರ್ಡ್ ಇಮ್‌ಹೋಫ್ ಹೇಳಿದ್ದೂ ಅದನ್ನೇ. ಬೆಟ್ಟಸಾಲಿನ ಹೆಸರು ಸಾಲಿನ ಉದ್ದಕ್ಕೂ ಬಾಗಲಿ, ಸಮುದ್ರದ ಹೆಸರು ಓರೆಯಾಗಿರಲಿ.

ಹೊಸಪುಟ:

ಎಲ್ಲರಿಗೂ ಥ್ಯಾಂಕ್ಸ್! ಆ ನದಿಯನ್ನು ಜಲಸಂಧಿಯಾಗೇ ಬಿಡುತ್ತೇನೆ. ಒಂದು ರಾಜ್ಯ ಆಚೆ ದಡಕ್ಕೆ ಹೋಯಿತು, ಈಗ ಸೇನೆಗೆ ಹಡಗು ಬೇಕು, ಒಂದು ಅಧ್ಯಾಯವೇ ಬದಲಾಯಿಸಬೇಕು, ಆದರೆ ಮಜಾ ಇದೆ. ಇನ್ನೊಂದೇ ಪ್ರಶ್ನೆ, ರಾಜಧಾನಿ ಎಲ್ಲಿಡಲಿ? ಈಗ ಬಯಲಿನ ನಟ್ಟನಡುವೆ ಇದೆ.

ಇಳಿಜಾರು:

ಅಲ್ಲಿ ನೀರಿದೆಯಾ? ಇಲ್ಲದಿದ್ದರೆ ಎರಡು ನದಿ ಸೇರುವ ಕಡೆಗೆ ತಳ್ಳಿ. ಇಲ್ಲವೇ ಜಲಸಂಧಿ ತೀರಾ ಕಿರಿದಾಗುವ ಜಾಗ ನೋಡಿ. ಎರಡೂ ದಡದ ವ್ಯಾಪಾರ ಅಲ್ಲೇ ದಾಟಬೇಕು, ಸುಂಕ ವಸೂಲಿ ಮಾಡುವವನು ರಾಜನಾಗುತ್ತಾನೆ. ನಿಮ್ಮ ಸೇನೆ ದಾಟುವುದೂ ಅಲ್ಲೇ ಅಂದುಕೊಳ್ಳುತ್ತೇನೆ.