ದಿನಕ್ಕೊಂದು ಖಗೋಳ ಪಾಡ್‌ಕಾಸ್ಟ್: 12 ಜನರಿಂದ ಆಗುವ ಕೆಲಸವೇ?

ಮೃಗಶಿರ_ತುಮಕೂರು

‘365 ಡೇಸ್ ಆಫ್ ಆಸ್ಟ್ರಾನಮಿ’ ಪಾಡ್‌ಕಾಸ್ಟಿನಂಥದ್ದನ್ನು ಕನ್ನಡದಲ್ಲಿ ಮಾಡಬೇಕೆಂದಿದ್ದೇವೆ. ಅದು ಅಂತರರಾಷ್ಟ್ರೀಯ ಖಗೋಳ ವರ್ಷಕ್ಕೆಂದು 2009ರ ಜನವರಿ 1ರಂದು ಶುರುವಾದದ್ದು. ಬೇರೆ ಬೇರೆ ದೇಶಗಳ ಹವ್ಯಾಸಿಗಳು, ಶಿಕ್ಷಕರು, ವಿಜ್ಞಾನಿಗಳು ತಾವೇ ಧ್ವನಿಮುದ್ರಿಸಿ ಕಳಿಸಿದ್ದರಿಂದಲೇ ನಡೆದು, ಆ ವರ್ಷ ಮುಗಿದ ಮೇಲೂ ನಿಲ್ಲಲಿಲ್ಲ. ನಮ್ಮಲ್ಲಿ 12 ಜನ ಇದ್ದಾರೆ, ಬೆಂಗಳೂರಿನಿಂದ ಬೀದರ್‌ವರೆಗೆ ಒಬ್ಬೊಬ್ಬರು ಒಂದೊಂದು ಊರಲ್ಲಿ. ಇಬ್ಬರ ಹತ್ತಿರ ಯುಎಸ್‌ಬಿ ಮೈಕ್ ಇದೆ, ಉಳಿದವರದು ಮೊಬೈಲ್. ಸಂಚಿಕೆ 8 ನಿಮಿಷದ್ದು. ದಿನವೂ ತಪ್ಪದಂತೆ ಕೊಡಲು ಕೆಲಸ ಹಂಚಿಕೊಳ್ಳುವುದು ಹೇಗೆ? ಹನ್ನೆರಡು ಕಡೆಯಿಂದ ಬರುವ ಧ್ವನಿ ಒಂದೇ ಮಟ್ಟದಲ್ಲಿ ಕೇಳುವಂತೆ ಮಾಡುವುದು ಹೇಗೆ?

ಅಗಸ್ತ್ಯ_77

ಆಗುತ್ತದೆ, ಆದರೆ ಮೊದಲ ಸಂಚಿಕೆ ಹೊರಬರುವ ದಿನ ಕನಿಷ್ಠ 30 ಸಂಚಿಕೆ ಸಿದ್ಧವಾಗಿ ಕೂತಿರಬೇಕು. ತಿಂಗಳಿಗೆ 30 ಅಂದರೆ ತಲೆಗೆ ಎರಡೂವರೆ. ಪರೀಕ್ಷೆ, ಮದುವೆ, ಜ್ವರ ಅಂತ ನಾಲ್ಕು ಜನ ಒಟ್ಟಿಗೆ ಕೈಬಿಟ್ಟರೆ ಉಳಿದವರ ಪಾಲು ನಾಲ್ಕರ ಹತ್ತಿರ ಹೋಗುತ್ತದೆ. ದಾಸ್ತಾನು ಇಲ್ಲದಿದ್ದರೆ ಅಲ್ಲಿಗೇ ನಿಂತಿತು.

ಸಂಚಿಕೆಗಳನ್ನು ಎರಡು ಜಾತಿ ಮಾಡಿ. ಗ್ರಹಣ, ಉಲ್ಕಾವೃಷ್ಟಿ, ಗ್ರಹಗಳ ಸಮಾಗಮ ಇವಕ್ಕೆಲ್ಲ ದಿನಾಂಕ ಕಟ್ಟಿಹಾಕಿದೆ. ಘಟನೆಗೆ ಎರಡು ಮೂರು ದಿನ ಮೊದಲೇ ಬರಬೇಕು, ಆ ದಿನ ಸಂಜೆ ಬಂದರೆ ಕೇಳುಗರಿಗೆ ಉಪಯೋಗವಿಲ್ಲ. ನಕ್ಷತ್ರದ ಬಣ್ಣ ಏನು ಹೇಳುತ್ತದೆ, ವೇಲಾ ಪಲ್ಸಾರ್ (ಗರಗರ ತಿರುಗುವ, ಸತ್ತ ನಕ್ಷತ್ರದ ತಿರುಳು) ಸೆಕೆಂಡಿಗೆ 11 ಸಲ ತಿರುಗುವುದು ಹೇಗೆ ಗೊತ್ತಾಯಿತು ಎಂಬಂಥವು ಯಾವತ್ತು ಹಾಕಿದರೂ ಸರಿ. ಈ ಎರಡನೆಯ ಜಾತಿಯೇ ನಿಮ್ಮ ದಾಸ್ತಾನು. ಅವುಗಳಲ್ಲಿ ‘ನಿನ್ನೆ’, ‘ಈ ವಾರ’, ‘ಮೊನ್ನೆ ಹೇಳಿದಂತೆ’ ಬರದಂತೆ ನೋಡಿಕೊಳ್ಳಿ, ಇಲ್ಲವಾದರೆ ಜಾಗ ಬದಲಿಸಲು ಆಗುವುದಿಲ್ಲ.

ನಿಧಾನವಾಗಿ ಓದಿದರೆ ಕನ್ನಡ ನಿಮಿಷಕ್ಕೆ ಸುಮಾರು 100 ಪದ. ಶುರುವಿನ ಸಂಗೀತ, ಪರಿಚಯ, ಮುಕ್ತಾಯಕ್ಕೆ ಒಂದು ನಿಮಿಷ ಬಿಟ್ಟರೆ ಬರಹ 700 ಪದ ದಾಟಬಾರದು. ಇನ್ನೊಂದು ಮಾತು ಕಡ್ಡಾಯ ಮಾಡಿ: ಬರಹವನ್ನು ಬೇರೊಬ್ಬರು ಪರಿಶೀಲಿಸದೆ ಯಾರೂ ಮೈಕ್ ಮುಂದೆ ಕೂರಕೂಡದು. ಬರಹದಲ್ಲಿ ಸಿಕ್ಕ ತಪ್ಪು ಒಂದು ನಿಮಿಷದಲ್ಲಿ ಸರಿಹೋಗುತ್ತದೆ. ಮುದ್ರಿಸಿದ ಮೇಲೆ ಸಿಕ್ಕರೆ ಆ ವಾಕ್ಯವನ್ನಷ್ಟೇ ಮತ್ತೆ ಓದಿ ಅಂಟಿಸಬೇಕು, ಆಗ ಕೋಣೆಯ ಸದ್ದು, ದನಿಯ ಏರಿಳಿತ ಎರಡೂ ಹೊಂದುವುದಿಲ್ಲ.

ಧ್ವನಿಪಟ್ಟಿ

ಮೈಕ್ ಯಾವುದು ಅನ್ನುವುದಕ್ಕಿಂತ ಕೋಣೆ ಮುಖ್ಯ. ಬರಿ ಗೋಡೆ, ಟೈಲ್ಸ್ ನೆಲದ ಹಾಲ್‌ನಲ್ಲಿ ಒಳ್ಳೆಯ ಮೈಕ್ ಇಟ್ಟರೂ ಮಾತು ಬಾವಿಯೊಳಗಿಂದ ಬಂದಂತೆ ಇರುತ್ತದೆ, ಆ ಪ್ರತಿಧ್ವನಿಯನ್ನು ಆಮೇಲೆ ತೆಗೆಯಲು ಆಗದು. ಹಾಸಿಗೆ, ಬಟ್ಟೆಯ ಬೀರು ಇರುವ ಚಿಕ್ಕ ಕೋಣೆಯಲ್ಲಿ ಮೊಬೈಲ್ ಸಾಕು. ಫ್ಯಾನ್ ಆಫ್ ಮಾಡಿ, ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ.

ಬಾಯಿಂದ ಒಂದು ಗೇಣು ದೂರ, ನೇರ ಎದುರಿಗಲ್ಲ, 45 ಡಿಗ್ರಿ ಓರೆಯಾಗಿ ಇಡಿ. ನಮ್ಮ ವಿಷಯದಲ್ಲಿ ಭೂಮಿ, ಖಗೋಳ, ಧೂಮಕೇತು, ಪ್ರಭೆ ಹೀಗೆ ಉಸಿರು ನುಗ್ಗುವ ಪದಗಳೇ ಹೆಚ್ಚು. ಎದುರಿಗಿಟ್ಟರೆ ಪ್ರತಿ ಭಕಾರಕ್ಕೂ ‘ಧಪ್’ ಎನ್ನುತ್ತದೆ. ಮುದ್ರಿಸುವಾಗ ದನಿ ಅತಿ ಜೋರಾಗುವ ಕಡೆ ಮೀಟರ್ ಮೈನಸ್ 12ರಿಂದ ಮೈನಸ್ 6 ಡಿಬಿ (ಡೆಸಿಬೆಲ್) ನಡುವೆ ಇರಲಿ. ಸೊನ್ನೆ ಮುಟ್ಟಿ ಒಡೆದ ದನಿ ಸರಿಯಾಗುವುದಿಲ್ಲ. ಶುರುವಿಗೆ 5 ಸೆಕೆಂಡು ಸುಮ್ಮನಿದ್ದು ಕೋಣೆಯ ಮೌನ ಮುದ್ರಿಸಿ, ಗದ್ದಲ ತೆಗೆಯಲು ಅದು ಬೇಕು. ಕಳಿಸುವಾಗ ದನಿಯನ್ನು ಹಿಂಡದ ಡಬ್ಲ್ಯುಎವಿ (WAV) ಫೈಲ್ ಕಳಿಸಿ. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್ ಬೇಡವೇ ಬೇಡ, ಅದು ದನಿಯನ್ನು ಹಿಂಡಿಬಿಡುತ್ತದೆ.

ಎಡಿಟಿಂಗ್ ಒಬ್ಬರೇ ಅಥವಾ ಇಬ್ಬರೇ ಮಾಡಿ. ಆಡಾಸಿಟಿ ಎಂಬ ಉಚಿತ ಎಡಿಟಿಂಗ್ ತಂತ್ರಾಂಶದಲ್ಲಿ ಈ ಕ್ರಮ: ಗದ್ದಲ ತೆಗೆಯುವ ನಾಯ್ಸ್ ರಿಡಕ್ಷನ್ 6ರಿಂದ 9 ಡಿಬಿ, ಅದಕ್ಕಿಂತ ಕೆಳಗಿನ ಗುಂಯ್‌ಗುಡುವಿಕೆ ಕಳೆಯುವ 80 ಹರ್ಟ್ಸ್ ಹೈ-ಪಾಸ್, ಜೋರು-ಮೆಲುದನಿಗಳ ಅಂತರ ತಗ್ಗಿಸುವ 3:1 ಕಂಪ್ರೆಸರ್, ಲೌಡ್‌ನೆಸ್ ನಾರ್ಮಲೈಸೇಷನ್, ಕೊನೆಗೆ ದನಿ ಮಿತಿ ಮೀರದಂತೆ ತಡೆಯುವ ಲಿಮಿಟರ್ ಮೈನಸ್ 1 ಡಿಬಿಗೆ. ಗದ್ದಲ ಪೂರ್ತಿ ಹೋಗಲೆಂದು 20 ಡಿಬಿ ಕೊಟ್ಟರೆ ಮಾತು ನೀರೊಳಗಿಂದ ಬಂದಂತಾಗುತ್ತದೆ. ಕಂಪ್ರೆಸರ್ ಮೊದಲು ಹಾಕಿದರೆ ಗದ್ದಲವೂ ಮೇಲೇಳುತ್ತದೆ, ಅದಕ್ಕೇ ಈ ಕ್ರಮ.

ಹನ್ನೆರಡು ದನಿ ಒಂದೇ ಮಟ್ಟಕ್ಕೆ ಬರುವುದು ನಾಲ್ಕನೇ ಹೆಜ್ಜೆಯಲ್ಲಿ. ಎರಡು ಚಾನೆಲ್‌ನ ಸ್ಟೀರಿಯೋಗೆ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಜೋರಿನ ಅಳತೆ), ಒಂದೇ ಚಾನೆಲ್‌ನ ಮೋನೋಗೆ ಮೈನಸ್ 19. ಕಿವಿಗೆ ಎರಡೂ ಒಂದೇ. ಆದರೆ ಆಡಾಸಿಟಿಯ ಆ ಹೆಜ್ಜೆಯಲ್ಲಿ ಮೋನೋವನ್ನು ಡ್ಯುಯಲ್-ಮೋನೋ (ಎರಡೂ ಕಿವಿಗೆ ಅದೇ ದನಿ) ಎಂದು ಲೆಕ್ಕಹಾಕುವ ಟಿಕ್ ಇದೆ. ಟಿಕ್ ಇದ್ದರೆ ಮೈನಸ್ 16 ಎಂದೇ ಕೊಡಿ, ತೆಗೆದರೆ ಮೈನಸ್ 19. ಒಬ್ಬರು ಟಿಕ್ ಇಟ್ಟು, ಇನ್ನೊಬ್ಬರು ತೆಗೆದು, ಇಬ್ಬರೂ 16 ಕೊಟ್ಟರೆ 3 ಡಿಬಿ ವ್ಯತ್ಯಾಸ ಬರುತ್ತದೆ. ಮೋನೋ ಎಂಪಿ3, 96 ಕೆಬಿಪಿಎಸ್ ಸಾಕು: 8 ನಿಮಿಷಕ್ಕೆ ಸುಮಾರು 5.8 ಎಂಬಿ.

ಮೃಗಶಿರ_ತುಮಕೂರು

ತುಂಬಾ ಧನ್ಯವಾದಗಳು ಇಬ್ಬರಿಗೂ. ಟಿಕ್ ವಿಷಯ ಗೊತ್ತೇ ಇರಲಿಲ್ಲ. ಬರಹ ಪರಿಶೀಲಿಸುವವರು ಮುಖ್ಯವಾಗಿ ಏನು ನೋಡಬೇಕು?

ನೆರಳಿಲ್ಲದ_ಮಧ್ಯಾಹ್ನ

ಮೊದಲು ಸಮಯ. ಮೂಲದಲ್ಲಿ ಆಗಸ್ಟ್ 12, 20:00 ಯುಟಿ (ಜಾಗತಿಕ ಸಮಯ) ಎಂದಿದ್ದರೆ ಐದೂವರೆ ಗಂಟೆ ಕೂಡಿಸಿ, ನಮಗೆ ಅದು 13ರ ಬೆಳಗಿನ ಜಾವ 1:30. ತಾರೀಖು ಬದಲಿಸಲು ಮರೆಯುವುದೇ ಹೆಚ್ಚು. ‘12ರ ರಾತ್ರಿ, ಬೆಳಗಾದರೆ 13’ ಎಂದು ಬಿಡಿಸಿ ಹೇಳಿ.

ಆಮೇಲೆ ಊರು. ಶೂನ್ಯ ನೆರಳಿನ ದಿನ (ನಡುಹಗಲು ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ) ಬೆಂಗಳೂರಿಗೆ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ, ಕಲಬುರಗಿಗೆ ಮೊದಲನೆಯದು ಮೇ ಎರಡನೇ ವಾರ. ಅಗಸ್ತ್ಯ ನಕ್ಷತ್ರ ಬೆಂಗಳೂರಲ್ಲಿ ದಕ್ಷಿಣದ ಅಂಚಿನಿಂದ ಹೆಚ್ಚೆಂದರೆ 24 ಡಿಗ್ರಿ ಏರಿದರೆ ಬೀದರಿನಲ್ಲಿ 19. ಚಿತ್ರವಿಲ್ಲದ ಮಾಧ್ಯಮವಾದ್ದರಿಂದ ಡಿಗ್ರಿ ಎಂದು ಬಿಟ್ಟರೆ ಸಾಲದು: ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ‘ಎರಡು ಮುಷ್ಟಿ ಮೇಲೆ’ ಎನ್ನಿ.

ಉಲ್ಕೆಗಳ ಸಂಖ್ಯೆಯಲ್ಲಿ ಅತ್ಯಂತ ಎಚ್ಚರ ಬೇಕು. ಆಗಸ್ಟ್‌ನ ಪರ್ಸಿಯಿಡ್ಸ್ ಉಲ್ಕಾವೃಷ್ಟಿಗೆ ‘ಗಂಟೆಗೆ 100’ ಎಂಬುದು ಉಲ್ಕೆಗಳು ಹೊರಟಂತೆ ಕಾಣುವ ಮೂಲಬಿಂದು ನೆತ್ತಿಯ ಮೇಲಿದ್ದು, 6.5 ಕಾಂತಿಮಾನದ (ಅಂಕಿ ಹೆಚ್ಚಾದಷ್ಟೂ ಮಂಕು) ನಕ್ಷತ್ರವೂ ಕಾಣುವ ಕಡುಗತ್ತಲಿನ ಲೆಕ್ಕ. ಬೆಂಗಳೂರಿನಲ್ಲಿ ಬೆಳಗಿನ ಜಾವ ಎರಡೂವರೆಗೆ ಆ ಬಿಂದು ಸುಮಾರು 30 ಡಿಗ್ರಿ ಎತ್ತರದಲ್ಲಿರುತ್ತದೆ, ಅಲ್ಲಿಗೆ ಅರ್ಧ ಹೋಯಿತು. 4.5ರವರೆಗಷ್ಟೇ ಕಾಣುವ ಆಕಾಶವಾದರೆ ಉಳಿದದ್ದು ಗಂಟೆಗೆ ಹತ್ತರ ಆಸುಪಾಸು, ಮೇಲೆ ಮಳೆಗಾಲದ ಮೋಡ ಬೇರೆ. ನೂರು ಎಂದು ಹೇಳಿ ಮಕ್ಕಳನ್ನು ತಾರಸಿಗೆ ಹತ್ತಿಸಿದರೆ ಅವರು ಮುಂದಿನ ಸಲ ನಿಮ್ಮ ಮಾತು ನಂಬುವುದಿಲ್ಲ. ಹತ್ತು ಎಂದೇ ಹೇಳಿ. ಹತ್ತು ಉಲ್ಕೆ ನೋಡುವುದೂ ದೊಡ್ಡ ಸಂತೋಷ.

ಅಗಸ್ತ್ಯ_77

ಫೀಡ್, ಅಂದರೆ ಪಾಡ್‌ಕಾಸ್ಟ್ ಆ್ಯಪ್‌ಗಳು ಓದುವ ಸಂಚಿಕೆಗಳ ಪಟ್ಟಿ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ಫೈಲಿನ ಹೆಸರು ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿರಲಿ. ಕನ್ನಡ ಹೆಸರು ಕೆಲವು ಆ್ಯಪ್‌ಗಳಲ್ಲಿ ತೆರೆಯುವುದಿಲ್ಲ. ಪ್ರಕಟಣೆಯ ಸಮಯದ ಕೊನೆಗೆ +0530 (ಭಾರತದ ಸಮಯ) ಹಾಕಿ, +0000 ಇದ್ದರೆ ಬೆಳಿಗ್ಗೆ 6ರ ಸಂಚಿಕೆ ಹನ್ನೊಂದೂವರೆಯದಾಗುತ್ತದೆ. ಮುಖಚಿತ್ರ ಚೌಕವಾಗಿರಲಿ, 1400ರಿಂದ 3000 ಪಿಕ್ಸೆಲ್. ಪ್ರತಿ ಸಂಚಿಕೆಗೆ ಕೊಟ್ಟ ಗುರುತಿನ ಸಂಖ್ಯೆಯನ್ನು, ತಿದ್ದಿದ ಆಡಿಯೋ ಹಾಕುವಾಗಲೂ ಬದಲಿಸಬೇಡಿ. ಬದಲಿಸಿದರೆ ಹಳೆಯ ಸಂಚಿಕೆ ಎಲ್ಲರ ಫೋನಿಗೂ ಹೊಸದೆಂದು ಮತ್ತೆ ಇಳಿಯುತ್ತದೆ.