ಅತ್ತಿಗೆಯ ಕಾದಂಬರಿಗೆ ಬಿಡಿಸಿದ ನೀಲಿ ಹೊಳೆ ಪ್ರಿಂಟ್‌ನಲ್ಲಿ ನೇರಳೆ! ಏನು ಮಾಡಲಿ?

ಹೊಳೆಬದಿ:
ತಲೆ ಕೆಟ್ಟುಹೋಗಿದೆ. ಅತ್ತಿಗೆಯ ಮೊದಲ ಕಾದಂಬರಿ. ಮುಖಪುಟ ನಾನೇ ಬಿಡಿಸುತ್ತೇನೆ ಅಂತ ಜಂಬದಿಂದ ಒಪ್ಪಿಕೊಂಡೆ. ಹೊನ್ನಾವರದ ಹತ್ತಿರ ಶರಾವತಿ, ಮುಸ್ಸಂಜೆ, ಒಂದು ದೋಣಿ. ಜಲವರ್ಣ. ಮೂರು ವಾರ ಕೂತು ಮಾಡಿದ್ದು. ಪ್ರೂಫ್ (ಅಚ್ಚಿಗೆ ಮುಂಚಿನ ಮಾದರಿ ಪ್ರತಿ) ನೋಡಿದರೆ ನೇರಳೆಹಣ್ಣು ಹಿಂಡಿದ ಹಾಗಿದೆ. ಅತ್ತಿಗೆ "ಚೆನ್ನಾಗಿದೆ" ಅಂದರು. ಆ ದನಿಯಲ್ಲೇ ಎಲ್ಲ ಗೊತ್ತಾಯಿತು. ಮೊಬೈಲ್‌ನಲ್ಲಿ ಮಾತ್ರ ಸರಿಯಾಗೇ ಕಾಣುತ್ತಿದೆ. ಸೋಮವಾರ ಫೈಲ್ ಕೊಡಬೇಕು.

ಮಸಿಕುಡಿಕೆ:
ಆರ್‌ಜಿಬಿ, ಅಂದರೆ ಪರದೆಯ ಬಣ್ಣದ ಫೈಲ್ ಕೊಟ್ಟಿದ್ದೀರಿ, ಇನ್ನೇನಲ್ಲ. ಸಿಎಂವೈಕೆಗೆ, ಅಂದರೆ ಅಚ್ಚಿನ ನಾಲ್ಕು ಶಾಯಿಯ ಲೆಕ್ಕಕ್ಕೆ ತಿರುಗಿಸಿ, ನೀಲಿ ಜಾಗದಲ್ಲಿ ಸಯಾನ್ (ತಿಳಿನೀಲಿ), ಮಜೆಂಟಾ (ಗಾಢ ಗುಲಾಬಿ) ಶೇಕಡಾ ಎಷ್ಟೆಷ್ಟಿವೆ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ನೇರಳೆ ಬರದೆ ಇನ್ನೇನು ಬರುತ್ತದೆ? ಮಜೆಂಟಾ ಸಯಾನ್‌ಗಿಂತ 30 ಆದರೂ ಕಡಿಮೆ ಇರಲಿ.

ಹೊಳೆಬದಿ:
ತಿರುಗಿಸಿಯೇ ಕೊಟ್ಟಿದ್ದೆ. ಸಯಾನ್ 92, ಮಜೆಂಟಾ 78 ಇತ್ತು. ಮಜೆಂಟಾ 55ಕ್ಕೆ ಇಳಿಸಿದೆ. ಹೊಳೆ ಪರವಾಗಿಲ್ಲ, ಆದರೆ ದೋಣಿಯವನ ಮುಖ ಹಸಿರಾಯಿತು!

ಮಸಿಕುಡಿಕೆ:
ಇಡೀ ಚಿತ್ರಕ್ಕೆ ಇಳಿಸಿದಿರಾ? ನೀಲಿಯನ್ನು ಮಾತ್ರ ಸೆಲೆಕ್ಟ್ ಮಾಡಿ ಮಾರಾಯ್ರೇ. ಕಲರ್ ಪ್ರೊಫೈಲ್, ಅಂದರೆ ಯಾವ ಪ್ರೆಸ್ಸು, ಕಾಗದಕ್ಕೆ ಅಂತ ಬಣ್ಣ ಲೆಕ್ಕಹಾಕುವ ಸೆಟ್ಟಿಂಗ್, ಯಾವುದು?

ಬಣ್ಣದಬುಟ್ಟಿ:
ಯಾವ ನೀಲಿ ಅಂತ ಯಾರೂ ಕೇಳಲಿಲ್ಲವಲ್ಲ! ಟ್ಯೂಬಿನ ಮೇಲೆ ಬಣ್ಣದ ಪುಡಿಯ ಸಂಕೇತ ಪಿಬಿ29 ಅಂತಿದೆಯಾ? ಹಾಗಾದರೆ ಅಲ್ಟ್ರಾಮರೀನ್. ಅದು ಮೊದಲೇ ಕೆಂಪಿನ ಕಡೆ ವಾಲುವ ನೀಲಿ. ಪ್ರೆಸ್ಸಿನ ನಾಲ್ಕು ಶಾಯಿಗೆ ಆ ಹೊಳಪು ದಕ್ಕುವುದಿಲ್ಲ. ಥಾಲೋ ನೀಲಿ ಬಳಸಿದ್ದರೆ ಈ ಗೋಳು ಇಷ್ಟಿರುತ್ತಿರಲಿಲ್ಲ. ಸಯಾನ್ ಶಾಯಿಯೊಳಗೆ ಇರುವುದೂ ಅದೇ ಥಾಲೋ, ಪಿಬಿ15. ಅಷ್ಟಕ್ಕೂ ಮುಖಪುಟಕ್ಕೆ ಗ್ವಾಶ್ (ಅಪಾರದರ್ಶಕ ಜಲವರ್ಣ) ಬೇಕಿತ್ತು.

ಅಡಿಕೆಸಿಪ್ಪೆ:
ಗ್ವಾಶ್ ಯಾಕೆ? ಪೋಸ್ಟರ್ ಕಲರ್ ಧಾರಾಳ ಸಾಕು.

ಬಣ್ಣದಬುಟ್ಟಿ:
ಅದು ಮಕ್ಕಳ ಡ್ರಾಯಿಂಗ್ ಪರೀಕ್ಷೆಗೆ.

ಅಡಿಕೆಸಿಪ್ಪೆ:
ಲೋಯರ್, ಹೈಯರ್ ಎರಡೂ ಅದರಲ್ಲೇ ಪಾಸಾದವನು ನಾನು. ಸುಮ್ನಿರಿ.

ಸ್ಕ್ಯಾನ್‌ರಾಜ:
ನನ್ನ ಹತ್ತಿರ ಎಪ್ಸನ್ ವಿ600 ಸ್ಕ್ಯಾನರ್ ಇದೆ. ಸಿಸಿಡಿ ಸೆನ್ಸರ್, ಕಾಗದ ಸ್ವಲ್ಪ ಉಬ್ಬಿದ್ದರೂ ಮಸುಕಾಗುವುದಿಲ್ಲ. ಮಾನಿಟರ್ ತಿಂಗಳಿಗೊಮ್ಮೆ ಕ್ಯಾಲಿಬ್ರೇಟ್ ಮಾಡುತ್ತೇನೆ. ಕೋಣೆಯ ಗೋಡೆಗೂ ಬೂದು ಬಣ್ಣ ಹೊಡೆಸಿದ್ದೇನೆ. ಇಂಥ ಸಮಸ್ಯೆ ನನಗೆ ಬಂದೇ ಇಲ್ಲ.

ಮಸಿಕುಡಿಕೆ:
ಗೋಡೆ ಹಾಗಿರಲಿ. ಹೊಳೆಬದಿ, ಪ್ರೊಫೈಲ್?

ಮೊಳೆಜೋಡಕ:
ಸ್ಕ್ಯಾನ್ ಎಲ್ಲಿ ಮಾಡಿಸಿದಿರಿ? ಪ್ರೂಫ್ ಎಲ್ಲಿ ತೆಗೆಸಿದಿರಿ?

ಹೊಳೆಬದಿ:
ಸ್ಕ್ಯಾನ್ ಮಾಡಿಸಿಲ್ಲ. ರಾತ್ರಿ ಊಟದ ಮೇಜಿನ ಮೇಲಿಟ್ಟು ಮೊಬೈಲ್‌ನಲ್ಲಿ ಫೋಟೋ ತೆಗೆದೆ. ಪ್ರೂಫ್ ನಮ್ಮ ಬೀದಿಯ ಕಲರ್ ಜೆರಾಕ್ಸ್ ಅಂಗಡಿಯದು. ಅದೂ ಪ್ರೂಫೇ ಅಲ್ವಾ?

ಮೊಳೆಜೋಡಕ:
ಅಲ್ಲ ಸ್ವಾಮಿ! ಬಲ್ಬಿನ ಕೆಳಗೆ ತೆಗೆದರೆ ಮೊಬೈಲ್ ತನಗೆ ತೋಚಿದ ಹಾಗೆ ಬಣ್ಣ ತಿದ್ದುತ್ತದೆ. ಅದರ ಮೇಲೆ ಜೆರಾಕ್ಸ್ ಯಂತ್ರದ ಟೋನರ್ ಬೇರೆ. ಈವರೆಗಿನ ಅಂಕಿಗಳನ್ನೆಲ್ಲ ಮರೆತುಬಿಡಿ. ಫ್ಲಾಟ್‌ಬೆಡ್ ಸ್ಕ್ಯಾನ್ ಮಾಡಿಸಿ, ಅಚ್ಚಾಗುವ ಅಳತೆಗೆ 300 ಡಿಪಿಐ (ಇಂಚಿಗೆ 300 ಚುಕ್ಕಿ). ಪುಸ್ತಕದ ಅಳತೆ ಡೆಮಿ 1/8 ಅಂದರೆ 5.5 × 8.5 ಇಂಚು, ಅಂಚು ಕತ್ತರಿಸುವುದಕ್ಕೆ ಸುತ್ತ 3 ಮಿ.ಮೀ. ಜಾಸ್ತಿ ಬಿಡಿ. ಪ್ರೊಫೈಲ್ ಪ್ರೆಸ್ಸಿನವರನ್ನೇ ಕೇಳಿ. ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ ಪುಕ್ಕಟೆಯಾಗಿ ಸಿಎಂವೈಕೆ ಮಾಡಬಹುದು. ಪ್ರೂಫ್ ಮಾತ್ರ ಮುಖಪುಟಕ್ಕೆ ಬಳಸುವ ಅದೇ ಆರ್ಟ್ ಕಾರ್ಡ್ (ದಪ್ಪ, ನುಣುಪು ಕಾಗದ) ಮೇಲೆ, ಲ್ಯಾಮಿನೇಷನ್ ಹಾಕಿಸಿಯೇ ನೋಡಿ. ಮ್ಯಾಟ್ ಆದರೆ ಕಡುಬಣ್ಣ ಇನ್ನೂ ಸ್ವಲ್ಪ ಮಂಕಾಗುತ್ತದೆ.

ಮಸಿಕುಡಿಕೆ:
ಆದರೂ ಮಜೆಂಟಾ ಜಾಸ್ತಿಯೇ ಇತ್ತು.

ಹೊಳೆಬದಿ:
ಪ್ರೆಸ್ಸಿನಿಂದ ಪ್ರೂಫ್ ಬಂತು. ನಾನು ಹಚ್ಚಿದ ನೀಲಿ ಅಲ್ಲ, ಆದರೆ ನೀಲಿಯೇ. ಸ್ಕ್ಯಾನರ್ ಎ4, ಚಿತ್ರ ಎ3. ಎರಡು ಭಾಗವಾಗಿ ಸ್ಕ್ಯಾನ್ ಮಾಡಿ ಜೋಡಿಸಿದೆ. ಚಿತ್ರ ಪುಸ್ತಕದ ಹಿಂಬದಿಯವರೆಗೂ ಹಬ್ಬಿದೆ ಅಂತ ಹೇಳಿದ್ದೆನಾ? ಈಗ ಅತ್ತಿಗೆ 40 ಪುಟ ಸೇರಿಸಿದ್ದಾರೆ. ಪುಸ್ತಕದ ಬೆನ್ನು ದಪ್ಪವಾಗಿ ಅರ್ಧ ದೋಣಿ ಅದರ ಮೇಲೆ ಹತ್ತಿ ಕೂತಿದೆ. ಏನಾದರೂ ದಾರಿ?

ಸ್ಕ್ಯಾನ್‌ರಾಜ:
ಎ3 ಸ್ಕ್ಯಾನರ್ ತಗೊಳ್ಳಿ.