ಅಂಬಾಸಿಡರ್: ಎಂಜಿನ್ ಇಳಿಸದೆ ಕ್ಯಾಮ್ ಲೋಬಿನ ಸವೆತ ಅಳೆಯುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ತಂದೆಯವರ ಕಾಲದ 1489 ಸಿಸಿ ಪೆಟ್ರೋಲ್ ಅಂಬಾಸಿಡರನ್ನು ನಾನೇ ರಿಪೇರಿ ಮಾಡಿಕೊಂಡು ಓಡಿಸುತ್ತಿದ್ದೇನೆ. ಈಚೆಗೆ ಏರು ಹತ್ತುವಾಗ ಕಾರ್ಬುರೇಟರಿನಿಂದ ಪಟಪಟ ಸದ್ದು ಬರುತ್ತಿದ್ದು, ಮೂರನೆಯ ಪ್ಲಗ್ಗಿನ ವೈರ್ ತೆಗೆದರೂ ಎಂಜಿನ್ನಿನ ಓಟದಲ್ಲಿ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಮುಚ್ಚಿರುವಾಗ ಅದಕ್ಕೂ ಅದನ್ನು ಒತ್ತುವ ರಾಕರ್ ತೋಳಿಗೂ ನಡುವಿನ ಸಂದು) ಮಾತ್ರ ಮ್ಯಾನುಯಲ್ಲಿನಲ್ಲಿ ಹೇಳಿದಷ್ಟೇ ಇದೆ. ಕ್ಯಾಮ್ ಶಾಫ್ಟಿನ ಮೇಲೆ ವಾಲ್ವನ್ನು ತೆರೆಯಿಸುವ ಉಬ್ಬು, ಅಂದರೆ ಲೋಬ್, ಸವೆದಿದ್ದರೆ ಆ ಸಂದು ಹೆಚ್ಚಾಗಬೇಕಿತ್ತಲ್ಲವೇ?

ಉತ್ತರ 1:
ಇಲ್ಲ ಸರ್. ಸಂದು ಅಳೆಯಲು ಫೀಲರ್ ಗೇಜ್ ಹಾಕುವಾಗ ಟ್ಯಾಪೆಟ್ (ಲೋಬ್ ಮೇಲೆತ್ತುವ ತುಂಡು) ಕೂತಿರುವುದು ಲೋಬಿನ ಹಿಂಬದಿಯ ದುಂಡು ಭಾಗದ ಮೇಲೆ. ಸವೆಯುವುದು ಅದರ ಮೂಗು, ಏಕೆಂದರೆ ವಾಲ್ವ್ ಸ್ಪ್ರಿಂಗಿನ ಪೂರ್ತಿ ಒತ್ತಡ ಬೀಳುವುದು ಅಲ್ಲಿ. ಎಕ್ಸಾಸ್ಟ್ ವಾಲ್ವ್ ಸಾಕಷ್ಟು ತೆರೆಯದಿದ್ದರೆ ಒಳಗೆ ಉಳಿದ ಹೊಗೆಯು ಇನ್‌ಟೇಕ್ ವಾಲ್ವ್ ತೆರೆದೊಡನೆ ಕಾರ್ಬುರೇಟರಿನತ್ತ ನುಗ್ಗುತ್ತದೆ. ನೀವು ಹೇಳುವ ಸದ್ದು ಬಹುಮಟ್ಟಿಗೆ ಅದೇ.

ಪ್ಲಗ್ಗುಗಳನ್ನೂ ರಾಕರ್ ಕವರನ್ನೂ ತೆಗೆಯಿರಿ. ಮುಂದಿನಿಂದ ಎಣಿಸಿದರೆ 1, 4, 5, 8 ಎಕ್ಸಾಸ್ಟ್ ವಾಲ್ವುಗಳು. ಮೂರನೆಯ ಸಿಲಿಂಡರಿನದು 5. ಡಯಲ್ ಗೇಜಿನ ಮೊನೆಯನ್ನು 5ರ ಸ್ಪ್ರಿಂಗಿನ ಮೇಲಿನ ಕಪ್ಪಿಗೆ, ವಾಲ್ವಿನ ಕಾಂಡಕ್ಕೆ ಸಮಾನಾಂತರವಾಗಿ ತಾಗಿಸಿ, 4ನೆಯ ವಾಲ್ವ್ ಪೂರ್ತಿ ತೆರೆದಿರುವಾಗ (ಆಗ 5 ಮುಚ್ಚಿರುತ್ತದೆ) ಮುಳ್ಳನ್ನು ಸೊನ್ನೆಗೆ ತನ್ನಿ. ಅನಂತರ ಹ್ಯಾಂಡಲ್ ಹಾಕಿ ನಿಧಾನವಾಗಿ ಎರಡು ಸುತ್ತು ತಿರುಗಿಸಿದರೆ ಕ್ಯಾಮ್ ಒಂದು ಸುತ್ತು ಬರುತ್ತದೆ. ಕೊನೆಯಲ್ಲಿ ಮುಳ್ಳು ಸೊನ್ನೆಗೆ ಮರಳದಿದ್ದರೆ ಸ್ಟ್ಯಾಂಡ್ ಅಲುಗಿದೆ ಎಂದು ತಿಳಿದು ಮತ್ತೆ ಅಳೆಯಿರಿ. ತಿರುಗಿಸುವಾಗ ಮುಳ್ಳು ತೋರಿದ ಅತಿ ಹೆಚ್ಚಿನ ಅಳತೆಯೇ ವಾಲ್ವಿನ ಲಿಫ್ಟ್ (ಅದು ತೆರೆಯುವ ದೂರ), ಅಂದರೆ ಲೋಬಿನ ಲಿಫ್ಟನ್ನು ರಾಕರ್ ಅನುಪಾತದಿಂದ ಗುಣಿಸಿ ಕ್ಲಿಯರೆನ್ಸ್ ಕಳೆದದ್ದು. ನಾಲ್ಕೂ ಎಕ್ಸಾಸ್ಟ್‌ಗಳ ಕ್ಲಿಯರೆನ್ಸ್ ಒಂದೇ ಆಗಿದ್ದರೆ ಹೋಲಿಕೆಗೆ ಇಷ್ಟೇ ಸಾಕು.

ಉತ್ತರ 2:
ಟ್ಯಾಪೆಟಿನಿಂದ ರಾಕರಿಗೆ ಹೋಗುವ ಪುಶ್‌ರಾಡಿನ ಮೇಲೆಯೇ ಅಳೆಯೋಣವೆಂದು ರಾಕರ್ ಶಾಫ್ಟ್ ಬಿಚ್ಚಲು ಹೋಗಬೇಡಿ. ಅದರ ಕೆಲವು ನಟ್ಟುಗಳು ಸಿಲಿಂಡರ್ ಹೆಡ್ಡನ್ನೂ ಹಿಡಿದಿರುತ್ತವೆ. ನೀರು ಇಳಿಸದೆ, ಹೆಡ್ ನಟ್ಟುಗಳನ್ನೆಲ್ಲ ಕ್ರಮವಾಗಿ ಸಡಿಲಿಸದೆ ಅವನ್ನಷ್ಟೇ ತೆಗೆದರೆ ಗ್ಯಾಸ್ಕೆಟ್ ಹಾಳಾಗುವ ಭಯವಿದೆ.

ಪ್ರಶ್ನೆ ಕೇಳಿದವರು:
ಅಳೆದೆ. 1, 4, 8 ಹೆಚ್ಚುಕಡಿಮೆ ಒಂದೇ, 5ರಲ್ಲಿ 0.9 ಮಿ.ಮೀ. ಕಡಿಮೆ. ಮೂರು ಬಾರಿ ಅಳೆದರೂ ಅಷ್ಟೇ ಬಂತು.

ಉತ್ತರ 1:
ಹಾಗಿದ್ದರೆ ಕ್ಯಾಮ್ ಹೊರಗೆ ಬರಲೇಬೇಕು. ತೆಗೆದ ಮೇಲೆ ಮೈಕ್ರೋಮೀಟರಿನಲ್ಲಿ ಮೂಗಿನಿಂದ ಹಿಂಬದಿಯವರೆಗಿನ ಎತ್ತರ ಅಳೆದು, ದುಂಡು ಭಾಗದ ವ್ಯಾಸವನ್ನು ಅದರಿಂದ ಕಳೆಯಿರಿ. ಉಳಿಯುವುದೇ ಲೋಬಿನ ಲಿಫ್ಟ್. 5ನೆಯ ಟ್ಯಾಪೆಟಿನ ತಳವನ್ನು ಬೆಳಕಿಗೆ ಹಿಡಿದರೆ ಗುಳಿ ಬಿದ್ದಿರುವುದು ಕಾಣಬಹುದು. ಹೊಸ ಕ್ಯಾಮಿಗೆ ಎಂಟೂ ಟ್ಯಾಪೆಟ್‌ಗಳನ್ನು ಹೊಸದಾಗಿಯೇ ಹಾಕಿ. ಹಳೆಯದೊಂದನ್ನು ಉಳಿಸಿದರೂ ಅದು ಹೊಸ ಲೋಬನ್ನು ತಿಂದುಹಾಕುತ್ತದೆ.